ಕ್ರೂಸರ್ ಬೈಕಿಗೆ ಹೊಸ ಸೈಲೆನ್ಸರ್: ಕಾರವಾರದ ಉಪ್ಪುಗಾಳಿಗೂ ದೇವಿಮನೆ ಘಟ್ಟಕ್ಕೂ ಹೊಂದುವ ಆಯ್ಕೆ

ಕ್ರೂಸರ್ ಬೈಕ್ ಕೊಂಡವರು ಮಾಡಿಸುವ ಮೊದಲ ಬದಲಾವಣೆ ಬಹುತೇಕ ಸೈಲೆನ್ಸರಿನದೇ ಆಗಿರುತ್ತದೆ. ಆಯ್ಕೆ ನಡೆಯುವುದು ಹೆಚ್ಚಾಗಿ ಕಿವಿಯಿಂದ: ಯಾರದೋ ಬೈಕಿನ ಸದ್ದು ಹಿಡಿಸುತ್ತದೆ, ಮೊಬೈಲಿನಲ್ಲಿ ಅದೇ ಪೈಪಿನ ವಿಡಿಯೊ ಸಿಗುತ್ತದೆ, ವಾರದೊಳಗೆ ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ಪೆಟ್ಟಿಗೆ ಬಂದಿಳಿಯುತ್ತದೆ. ಆದರೆ ಸದ್ದು ಈ ಪೈಪಿನ ಹಲವು ಕೆಲಸಗಳಲ್ಲಿ ಒಂದು ಮಾತ್ರ, ಮತ್ತು ಉತ್ತರ ಕನ್ನಡದಲ್ಲಿ ಬೈಕ್ ಓಡಿಸುವವರು ಅದನ್ನು ಕೊನೆಯಲ್ಲಿ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿನ ಘಟ್ಟದ ರಸ್ತೆಗಳಿಗೆ ಬೇಕಾಗಿರುವುದು ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಸಿಗುವ ಎಳೆತ. ಇಲ್ಲಿನ ಕಡಲಗಾಳಿಗೆ ಬೇಕಾಗಿರುವುದು ತುಕ್ಕನ್ನು ತಡೆಯಬಲ್ಲ ಲೋಹ. ಇವೆರಡನ್ನು ಮೊದಲು ತೀರ್ಮಾನಿಸಿಕೊಂಡರೆ ಪಟ್ಟಿಯಲ್ಲಿ ಉಳಿಯುವ ಪೈಪುಗಳೇ ಕೆಲವು, ಅವುಗಳಲ್ಲಿ ಸದ್ದು ಮೆಚ್ಚಿದ್ದನ್ನು ಆರಿಸಿಕೊಳ್ಳಬಹುದು.

ಎಂಜಿನ್ನಿನ ಹೆಡ್‌ನಿಂದ ಬಾಗಿ ಕೆಳಗಿಳಿಯುವ ಕೊಳವೆಯನ್ನು ಗ್ಯಾರೇಜುಗಳಲ್ಲಿ ಬೆಂಡ್ ಪೈಪ್ ಎನ್ನುತ್ತಾರೆ. ಅದರ ತುದಿಗೆ ಸೇರುವ ದಪ್ಪ ಭಾಗವೇ ಸೈಲೆನ್ಸರ್. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮಕ್ಕೆ ಒಳಪಟ್ಟ ಬೈಕುಗಳಲ್ಲಿ ಈ ದಾರಿಯ ಮಧ್ಯೆ ಇನ್ನೆರಡು ಸಾಧನಗಳಿರುತ್ತವೆ. ಒಂದು, ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪನವುಳ್ಳ ಕ್ಯಾಟಲಿಟಿಕ್ ಕನ್ವರ್ಟರ್. ಇದು ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಹಾನಿಕರ ಅನಿಲಗಳಾಗಿ ಮಾರ್ಪಡಿಸುತ್ತದೆ. ಇನ್ನೊಂದು, ಹೊರಬರುವ ಅನಿಲದಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ಅಳೆದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರ್. ಸೈಲೆನ್ಸರ್ ಒಂದನ್ನೇ ಬದಲಿಸಿ, ಬೆಂಡ್ ಪೈಪನ್ನೂ ಕನ್ವರ್ಟರನ್ನೂ ಹಾಗೆಯೇ ಉಳಿಸುವ ಪೈಪಿಗೆ ಸ್ಲಿಪ್-ಆನ್ ಎಂದು ಹೆಸರು. ಹೆಡ್‌ನಿಂದ ತುದಿಯವರೆಗೆ ಎಲ್ಲವನ್ನೂ ಬದಲಿಸುವುದು ಫುಲ್ ಸಿಸ್ಟಮ್. ಅದರಲ್ಲಿ ಬಹುಪಾಲು ಕನ್ವರ್ಟರ್ ಇರುವುದಿಲ್ಲ. ಮುಂದಿನ ಲೆಕ್ಕಾಚಾರಗಳೆಲ್ಲ ಈ ಎರಡರಲ್ಲಿ ಯಾವುದನ್ನು ಹಿಡಿಯುತ್ತೇವೆ ಎಂಬುದರ ಮೇಲೆ ನಿಂತಿವೆ.

ಪೈಪು ಎಂಜಿನ್ನಿನ ಶಕ್ತಿಯನ್ನು ಹೇಗೆ ಪ್ರಭಾವಿಸುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಇಲ್ಲಿಯೇ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಕೆಳತುದಿಯನ್ನು ತಲುಪುವ ಮೊದಲೇ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುತ್ತದೆ. ಒಳಗಿನ ಒತ್ತಡ ಒಮ್ಮೆಲೇ ಪೈಪಿಗೆ ನುಗ್ಗುವಾಗ ಎರಡು ಸಂಗತಿಗಳು ಜೊತೆಯಾಗಿ ಹೊರಡುತ್ತವೆ: ಸುಟ್ಟ ಅನಿಲ ಮತ್ತು ಒತ್ತಡದ ಅಲೆ. ಅನಿಲಕ್ಕಿಂತ ಅಲೆಯ ಓಟ ಬಹಳ ಜೋರು. ಬಿಸಿ ಪೈಪಿನೊಳಗೆ ಅದು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಸಾಗುತ್ತದೆ. ಪೈಪು ಥಟ್ಟನೆ ಅಗಲವಾಗುವ ಜಾಗವನ್ನು, ಅಂದರೆ ಸೈಲೆನ್ಸರಿನ ಬಾಯನ್ನು ಮುಟ್ಟಿದೊಡನೆ ಅಲೆಯ ಒಂದು ಭಾಗ ತಿರುಗಿ, ಈಗ ಒತ್ತುವ ಬದಲು ಸೆಳೆಯುವ ಅಲೆಯಾಗಿ ವಾಲ್ವ್ ಕಡೆಗೆ ಮರಳುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮುನ್ನ, ಇನ್‌ಟೇಕ್ ವಾಲ್ವ್ ತೆರೆಯತೊಡಗುವ ಆ ಅಲ್ಪ ಅವಧಿಯಲ್ಲಿ ಸೆಳೆಯುವ ಅಲೆ ಬಂದು ತಲುಪಿದರೆ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆಳೆದು ಗಾಳಿ-ಪೆಟ್ರೋಲಿನ ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಹೊತ್ತು ತಪ್ಪಿ ಬಂದರೆ ಈ ಸಹಾಯ ಸಿಗುವುದಿಲ್ಲ. ಕೆಲವೊಮ್ಮೆ ಹೊರಗೆ ಹೋಗಬೇಕಾದ ಹೊಗೆ ಒಳಕ್ಕೇ ನುಗ್ಗುವುದೂ ಉಂಟು.

4000 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಒಂದು ಮಿಲಿಸೆಕೆಂಡಿಗೆ 24 ಡಿಗ್ರಿ ತಿರುಗುತ್ತದೆ. ಒಂದು ಮೀಟರ್ ಉದ್ದದ ಬೆಂಡ್ ಪೈಪಿನಲ್ಲಿ ಅಲೆ ಹೋಗಿ ಬರಲು ಸುಮಾರು 4 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ 96 ಡಿಗ್ರಿ ತಿರುಗಿರುತ್ತದೆ. ಅದೇ ಪೈಪು, ಅದೇ ಅಲೆ, ಆದರೆ ಎಂಜಿನ್ 2000 ಆರ್‌ಪಿಎಂಗೆ ಇಳಿದರೆ ಕ್ರ್ಯಾಂಕ್ ತಿರುಗುವುದು 48 ಡಿಗ್ರಿ ಮಾತ್ರ. ಹಾಗಾಗಿ ಎಲ್ಲ ಆರ್‌ಪಿಎಂಗಳಲ್ಲೂ ಲಾಭ ಕೊಡುವ ಪೈಪು ಎಂಬುದು ಇರಲು ಸಾಧ್ಯವಿಲ್ಲ. ಉದ್ದನೆಯ ಬೆಂಡ್ ಪೈಪು ಕಡಿಮೆ ಆರ್‌ಪಿಎಂಗೆ ಹೊಂದುತ್ತದೆ, ಗಿಡ್ಡದು ಹೆಚ್ಚಿನ ಆರ್‌ಪಿಎಂಗೆ. ಬಾಬರ್ ಶೈಲಿಯಲ್ಲಿ ಎಂಜಿನ್ನಿನ ಪಕ್ಕದಲ್ಲೇ ಕತ್ತರಿಸಿ ನಿಲ್ಲಿಸಿದ ಗಿಡ್ಡ ಪೈಪುಗಳು ನೋಡಲು ಚೆಂದವೇ ಹೌದು, ಆದರೆ ಕ್ರೂಸರ್ ಎಂಜಿನ್ ದಿನವಿಡೀ ಓಡುವ ಆರ್‌ಪಿಎಂಗೆ ಅವು ನೆರವಾಗುವುದಿಲ್ಲ.

ಉದ್ದದಷ್ಟೇ ಮುಖ್ಯವಾದದ್ದು ಒಳವ್ಯಾಸ. ‘ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು’ ಎಂಬ ಮಾತು ಗ್ಯಾರೇಜುಗಳಲ್ಲಿ ದಿನವೂ ಕೇಳಿಬರುತ್ತದೆ. ವಾಸ್ತವದಲ್ಲಿ ಹಿಮ್ಮುಖ ಒತ್ತಡದಿಂದ ಯಾವ ಎಂಜಿನ್ನಿಗೂ ಉಪಯೋಗವಿಲ್ಲ. ಎಂಜಿನ್ನಿಗೆ ಬೇಕಾದದ್ದು ಅನಿಲದ ವೇಗ. ಅಘನಾಶಿನಿ ನದಿಯ ಅದೇ ನೀರು ಉಂಚಳ್ಳಿ ಜಲಪಾತದ ಕೆಳಗಿನ ಇಕ್ಕಟ್ಟಾದ ಕಣಿವೆಯಲ್ಲಿ ಬಿರುಸಾಗಿಯೂ ತದಡಿಯ ಅಗಲವಾದ ಅಳಿವೆಯಲ್ಲಿ ಮಂದವಾಗಿಯೂ ಹರಿಯುವಂತೆ, ಪೈಪು ಅಗಲವಾದಷ್ಟೂ ಅನಿಲದ ಓಟ ಸೋಲುತ್ತದೆ. 35 ಮಿಲಿಮೀಟರ್ ಒಳವ್ಯಾಸದ ಪೈಪಿನ ಬದಲು 42 ಮಿಲಿಮೀಟರಿನದನ್ನು ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ 1.44 ಪಟ್ಟಾಗುತ್ತದೆ, ಅಂದರೆ ಅನಿಲದ ವೇಗ ಮೊದಲಿನ ಶೇಕಡಾ 70ರ ಆಸುಪಾಸಿಗೆ ಇಳಿಯುತ್ತದೆ. ಓಡುವ ಅನಿಲ ತನ್ನ ಹಿಂದಿನದನ್ನು ಎಳೆದುಕೊಂಡು ಹೋಗುವ ಗುಣ ಅಷ್ಟರಮಟ್ಟಿಗೆ ಕುಗ್ಗುತ್ತದೆ. ದಪ್ಪ ಪೈಪು ಹಾಕಿದ ಮೇಲೆ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಹೋಯಿತೆಂದು ಗೊಣಗುವವರು ಕಳೆದುಕೊಂಡದ್ದು ಈ ವೇಗವನ್ನು. ಹೆಸರು ಮಾತ್ರ ಬ್ಯಾಕ್ ಪ್ರೆಶರಿನದು.

ಇದನ್ನು ನಮ್ಮ ರಸ್ತೆಗೆ ಹೊಂದಿಸಿ ನೋಡೋಣ. ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350 ಕ್ರೂಸರಿನ 349 ಸಿಸಿ ಎಂಜಿನ್ ತನ್ನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಆದ 27 ನ್ಯೂಟನ್ ಮೀಟರನ್ನು 4000 ಆರ್‌ಪಿಎಂನಲ್ಲಿಯೂ, 20.2 ಬಿಎಚ್‌ಪಿ ಗರಿಷ್ಠ ಶಕ್ತಿಯನ್ನು 6100 ಆರ್‌ಪಿಎಂನಲ್ಲಿಯೂ ಕೊಡುತ್ತದೆ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟವನ್ನಾಗಲಿ, ಅಂಕೋಲಾದಿಂದ ಯಲ್ಲಾಪುರಕ್ಕೆ ಏರುವ ಅರಬೈಲ್ ಘಟ್ಟವನ್ನಾಗಲಿ ಹತ್ತುವಾಗ 6100 ಆರ್‌ಪಿಎಂ ಮುಟ್ಟುವ ಸಂದರ್ಭ ಎಷ್ಟು ಸಲ ಬರುತ್ತದೆ? ಮುಂದೆ ಅದಿರು ಅಥವಾ ಜಲ್ಲಿ ತುಂಬಿದ ಲಾರಿ, ಪಕ್ಕದಲ್ಲಿ ಕಾಡು, ಕಾಲು ಕಿಲೋಮೀಟರಿಗೊಂದು ತಿರುವು. ಹಿಂದೆ ಒಬ್ಬರನ್ನು ಕೂರಿಸಿಕೊಂಡಿದ್ದರೆ ಬೇಕಾಗುವುದು 2000ದಿಂದ 4000 ಆರ್‌ಪಿಎಂನ ನಡುವೆ ಗೇರ್ ಇಳಿಸದೆ ಎಳೆಯುವ ಶಕ್ತಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಭಟ್ಕಳದವರೆಗೆ ಸಾವಕಾಶವಾಗಿ ಸಾಗುವಾಗಲೂ ಎಂಜಿನ್ ಆ ವಲಯ ಬಿಟ್ಟು ಹೆಚ್ಚು ಮೇಲೆ ಹೋಗುವುದಿಲ್ಲ. ಮಾರುವವರು ‘ಇಷ್ಟು ಎಚ್‌ಪಿ ಜಾಸ್ತಿ’ ಎಂದು ಡೈನೋ ನಕ್ಷೆ (ಯಂತ್ರದ ಮೇಲೆ ಬೈಕ್ ಓಡಿಸಿ ಅಳೆದ ಶಕ್ತಿಯ ಗೆರೆ) ತೋರಿಸಿದರೆ ಗೆರೆಯ ತುದಿಯನ್ನು ನೋಡದೆ ಎಡಭಾಗವನ್ನು ನೋಡಿ: ಹಳೆಯ ಸೈಲೆನ್ಸರಿನ ಗೆರೆಯೂ ಹೊಸದರ ಗೆರೆಯೂ ಒಂದೇ ನಕ್ಷೆಯಲ್ಲಿರಬೇಕು, 2000ದಿಂದ 4000ದವರೆಗೆ ಹೊಸ ಗೆರೆ ಹಳೆಯದರ ಕೆಳಗೆ ಹೋಗಿರಬಾರದು. ಹಳೆಯ ಗೆರೆಯೇ ಇಲ್ಲದ ನಕ್ಷೆ ಜಾಹೀರಾತು ಮಾತ್ರ. ಕನ್ವರ್ಟರನ್ನೂ ಇಸಿಯುವನ್ನೂ ಮುಟ್ಟದ ಸ್ಲಿಪ್-ಆನ್‌ನಿಂದ ಸಣ್ಣ ಎಂಜಿನ್ನಿಗೆ ಸಿಗುವ ಹೆಚ್ಚುವರಿ ಶಕ್ತಿ ಕುಳಿತವರಿಗೆ ಗೊತ್ತಾಗುವಷ್ಟು ಇರುವುದು ಅಪರೂಪ. ಗೊತ್ತಾಗುವುದು ತೂಕದ ಇಳಿಕೆ.

ಇಂಧನದ ವಿಷಯದಲ್ಲಿ ಹಳೆಯ ಬೈಕಿಗೂ ಹೊಸ ಬೈಕಿಗೂ ದಾರಿ ಬೇರೆ. ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲಿ ಸಮವೇಗದಲ್ಲಿ ಸಾಗುತ್ತಿರುವಾಗ ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಇಸಿಯು ಗಾಳಿ ಮತ್ತು ಪೆಟ್ರೋಲಿನ ಪ್ರಮಾಣವನ್ನು, ಶುದ್ಧ ಪೆಟ್ರೋಲಾದರೆ, 14.7:1ರ ಹತ್ತಿರ ಹಿಡಿದಿಡುತ್ತದೆ. ಆದ್ದರಿಂದ ಸ್ಲಿಪ್-ಆನ್ ಹಾಕಿದಾಗ ಆಗುವ ಸಣ್ಣ ಬದಲಾವಣೆಯನ್ನು ಅದು ಸರಿದೂಗಿಸಿಕೊಳ್ಳುತ್ತದೆ. ಆದರೆ ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ತೆರೆದಾಗ ಇಸಿಯು ಸೆನ್ಸರನ್ನು ಬದಿಗಿಟ್ಟು, ಕಾರ್ಖಾನೆಯಲ್ಲಿ ತುಂಬಿಸಿದ ನಕ್ಷೆಯಂತೆ (ಯಾವಾಗ ಎಷ್ಟು ಇಂಧನ ಎಂಬ ಪಟ್ಟಿ) ಪೆಟ್ರೋಲ್ ಕೊಡುತ್ತದೆ. ಫುಲ್ ಸಿಸ್ಟಮ್ ಹಾಕಿದ್ದರೆ ಆ ನಕ್ಷೆ ಹೊಸ ಪೈಪಿಗೆ ಸಾಲದೆ ಮಿಶ್ರಣ ತೆಳುವಾಗಿ (ಪೆಟ್ರೋಲ್ ಕಡಿಮೆಯಾಗಿ) ಹೆಡ್ ಬಿಸಿಯಾಗುತ್ತದೆ. ಹಾಗಾಗಿ ಫುಲ್ ಸಿಸ್ಟಮ್ ಎಂದರೆ ಇಸಿಯು ಮರುಹೊಂದಾಣಿಕೆಯ ವೆಚ್ಚವೂ ಸೇರಿದ ಬೆಲೆ ಎಂದೇ ಲೆಕ್ಕ ಹಾಕಬೇಕು. ಬೆಂಡ್ ಪೈಪಿನಲ್ಲಿ ಸೆನ್ಸರ್ ಕೂರಿಸಲು ತಿರುಪಿನ ಗೆರೆಗಳುಳ್ಳ ತೂತೇ ಇಲ್ಲದಿದ್ದರೆ ಅಂಥ ಪೈಪನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಸೆನ್ಸರ್ ಸಿಗದ ಇಸಿಯು ಕನ್ಸೋಲಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಥಂಡರ್‌ಬರ್ಡ್ 350ರಂಥ ಕಾರ್ಬ್ಯುರೇಟರ್ ಬೈಕಿನಲ್ಲಿ ಪೆಟ್ರೋಲಿನ ಹರಿವನ್ನು ನಿರ್ಧರಿಸುವ ಮೇನ್ ಜೆಟ್ ಬದಲಿಸಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಸರಿಪಡಿಸಿಕೊಳ್ಳಬೇಕಾಗುತ್ತದೆ: ತಿಳಿ ಕಂದು ಇದ್ದರೆ ಸರಿ, ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳು, ಮಸಿ ಹಿಡಿದಿದ್ದರೆ ಗಟ್ಟಿ (ಪೆಟ್ರೋಲ್ ಹೆಚ್ಚು). ಕಡಲಮಟ್ಟದ ಕಾರವಾರಕ್ಕಿಂತ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಗಾಳಿ ಶೇಕಡಾ ಐದಾರರಷ್ಟು ವಿರಳ; ಆದಕಾರಣ ಕೆಳಗೆ ಗಟ್ಟಿಯಾಗಿ ಹೊಂದಿಸಿದ ಕಾರ್ಬ್ಯುರೇಟರ್ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದು ನೆನಪಿರಲಿ. ಥ್ರಾಟಲ್ ಬಿಟ್ಟಾಗ ಪೈಪಿನಿಂದ ಪಟಪಟ ಸದ್ದು ಬಂದರೆ ಎಲ್ಲರೂ ಮೊದಲು ಟ್ಯೂನಿಂಗನ್ನು ದೂರುತ್ತಾರೆ, ಆದರೆ ಹೆಡ್ ಬಳಿಯ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಹೊರಗಿನ ಗಾಳಿ ಒಳಸೇರಿ, ಉರಿಯದೆ ಉಳಿದ ಪೆಟ್ರೋಲ್ ಪೈಪಿನೊಳಗೇ ಹೊತ್ತಿಕೊಳ್ಳುತ್ತಿರುವ ಸಾಧ್ಯತೆಯೂ ಅಷ್ಟೇ ಇದೆ. ಗ್ಯಾಸ್ಕೆಟ್ ಹೊಸದನ್ನೇ ಹಾಕಬೇಕು. ಒಮ್ಮೆ ಒತ್ತಿ ಚಪ್ಪಟೆಯಾದದ್ದು ಮತ್ತೆ ಬಿಗಿಯಾಗಿ ಕೂರುವುದಿಲ್ಲ.

ಇನ್ನು ಸೈಲೆನ್ಸರಿನ ಹೊಟ್ಟೆಯೊಳಗೆ ಏನಿದೆ ಎಂಬುದು. ಕಾರ್ಖಾನೆಯ ಸೈಲೆನ್ಸರುಗಳಲ್ಲಿ ಸಾಮಾನ್ಯವಾಗಿ ಕೋಣೆಗಳೂ ಅಡ್ಡತಗಡುಗಳೂ ಇದ್ದು, ಅನಿಲ ಹಿಂದೆ ಮುಂದೆ ತಿರುಗಿ ಹೊರಬರುತ್ತದೆ. ಆಫ್ಟರ್‌ಮಾರ್ಕೆಟ್ (ಬೇರೆ ಕಂಪನಿಗಳ) ಸೈಲೆನ್ಸರುಗಳಲ್ಲಿ ಹೆಚ್ಚಿನವು ನೇರ ಕೊಳವೆಯವು: ನಡುವೆ ತೂತುಗಳ ಜಾಲಿ ಪೈಪು, ಅದರ ಸುತ್ತ ತುಂಬಿದ ಗ್ಲಾಸ್ ವೂಲ್. ಗ್ಲಾಸ್ ವೂಲ್ ಹೀರಿಕೊಳ್ಳುವುದು ಕೀರಲು ಸ್ವರಗಳನ್ನು. ತಗ್ಗಿನ ಸ್ವರಗಳನ್ನು ತಡೆಯಲು ಜಾಗ ಬೇಕು, ಕೋಣೆ ಬೇಕು. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ 4000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 33 ಬಾರಿ ಸಿಡಿಯುತ್ತದೆ, ಆ ಸ್ವರದ ಅಲೆಯ ಉದ್ದ ಗಾಳಿಯಲ್ಲಿ ಹತ್ತು ಮೀಟರ್. ಇಂಥ ಅಲೆಯನ್ನು ಮೊಳದುದ್ದದ ಡಬ್ಬಿ ತಡೆಯಲಾರದು. ಮರಗಳೂ ಅದನ್ನು ಹೆಚ್ಚು ತಡೆಯುವುದಿಲ್ಲ. ಶಿರಸಿ ಸೀಮೆಯ ಅಡಿಕೆ ತೋಟದ ಕಣಿವೆಗಳಲ್ಲಿ ಒಂದು ಬೈಕಿನ ಗುಡುಗುಡು ಆಚೆ ದಿಬ್ಬದ ಮನೆಗಳಿಗೂ ಕೇಳಿಸುವುದು ಈ ಕಾರಣಕ್ಕೆ. ಓಡಿಸುವವರಿಗೂ ಇದು ಹಿತವಲ್ಲ: ಅಂಗಡಿಯ ಮುಂದೆ ಎರಡು ನಿಮಿಷ ಕೇಳಿದಾಗ ಗಂಭೀರವೆನಿಸುವ ಸದ್ದು, ಹೆದ್ದಾರಿಯಲ್ಲಿ ಎರಡು ಗಂಟೆ ಒಂದೇ ಶ್ರುತಿಯಲ್ಲಿ ತಲೆಯೊಳಗೆ ಮೊರೆಯುತ್ತದೆ. ಕಾರವಾರ ಮತ್ತು ಬಿಣಗಾ ನಡುವಿನ ಸುರಂಗದಲ್ಲಿ ಒಮ್ಮೆ ಹಾದುಬಂದರೆ ಅದರ ನಿಜರೂಪ ತಿಳಿಯುತ್ತದೆ. ಹಾಗಾಗಿ ಉದ್ದವಾದ, ಹೊಟ್ಟೆ ದೊಡ್ಡದಾದ, ಕಳಚಬಹುದಾದ ಡಿಬಿ ಕಿಲ್ಲರ್ (ತುದಿಯಲ್ಲಿ ಸದ್ದು ತಗ್ಗಿಸುವ ಒಳತುಂಡು) ಇರುವ ಸೈಲೆನ್ಸರನ್ನು ಆರಿಸಿ, ಡಿಬಿ ಕಿಲ್ಲರನ್ನು ಕಳಚದೆ ಇಡುವುದು ನನ್ನ ಸಲಹೆ. ಗ್ಲಾಸ್ ವೂಲ್ ಕಾಲಕ್ರಮೇಣ ಸುಟ್ಟು ಪುಡಿಯಾಗುತ್ತದೆ; ಡಬ್ಬಿ ರಿವೆಟ್ ಅಥವಾ ಬೋಲ್ಟ್ ಬಿಚ್ಚಿ ಮತ್ತೆ ತುಂಬಲು ಬರುವಂತಿರಬೇಕು. ಪೂರ್ತಿ ವೆಲ್ಡ್ ಮಾಡಿದ್ದರೆ ವೂಲ್ ಮುಗಿದ ದಿನ ಸೈಲೆನ್ಸರೂ ಮುಗಿದಂತೆ.

ಸದ್ದಿನ ಲಯ ಮಾತ್ರ ಪೈಪಿನಿಂದ ಬರುವುದಿಲ್ಲ. 45 ಡಿಗ್ರಿಯ ಹಾರ್ಲೆ ವಿ-ಟ್ವಿನ್ (ವಿ ಆಕಾರದ ಎರಡು ಸಿಲಿಂಡರ್) ಎಂಜಿನ್ನಿನಲ್ಲಿ, ಕ್ರ್ಯಾಂಕಿನ ತಿರುಗುವಿಕೆಯ ಲೆಕ್ಕದಲ್ಲಿ, ಸಿಡಿತಗಳ ಅಂತರ 315 ಮತ್ತು 405 ಡಿಗ್ರಿ. ಸೂಪರ್ ಮೀಟಿಯಾರ್ 650ರ 270 ಡಿಗ್ರಿ ಕ್ರ್ಯಾಂಕಿನಲ್ಲಿ 270 ಮತ್ತು 450 ಡಿಗ್ರಿ. ಒಂಟಿ ಸಿಲಿಂಡರಿನಲ್ಲಿ ಯಾವಾಗಲೂ 720. ಒಂಟಿ ಸಿಲಿಂಡರಿಗೆ ಎಷ್ಟೇ ದುಬಾರಿ ಪೈಪು ತಂದರೂ ಹಾರ್ಲೆಯ ಕುಂಟುನಡೆಯ ಸದ್ದು ಬಾರದು.

ಲೋಹದ ವಿಷಯಕ್ಕೆ ಬಂದರೆ, ಬಯಲುಸೀಮೆಯವರ ಶಿಫಾರಸುಗಳು ಕರಾವಳಿಗೆ ಹೊಂದುವುದಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಉಳಿದ ತಿಂಗಳುಗಳಲ್ಲಿ ಉಪ್ಪಿನ ಕಣಗಳನ್ನು ಹೊತ್ತ ಗಾಳಿ. ಕ್ರೋಮ್ ಲೇಪಿಸಿದ ಸಾದಾ ಉಕ್ಕು ಅಗ್ಗ, ಹೊಳಪೂ ಕಣ್ಣು ಕುಕ್ಕುವಂಥದ್ದು. ಆದರೆ ಲೇಪನದಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ತುಕ್ಕು ಅಡಿಯಿಂದ ಹರಡಿ ಕ್ರೋಮನ್ನು ಹಪ್ಪಳಿಕೆಯಾಗಿ ಎಬ್ಬಿಸುತ್ತದೆ. ಕಾರ್ಖಾನೆಯ ಪೈಪುಗಳಲ್ಲಿ ಬಳಕೆಯಾಗುವ 409 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಶೇಕಡಾ 11ರಷ್ಟು ಮಾತ್ರ. ಮೇಲ್ಮೈಯಲ್ಲಿ ಕೆಂಪು ಕಾಣಿಸಿಕೊಂಡರೂ ಬೇಗನೆ ತೂತು ಬೀಳುವುದಿಲ್ಲ. 304 ದರ್ಜೆಯಲ್ಲಿ ಕ್ರೋಮಿಯಂ ಶೇಕಡಾ 18, ನಿಕ್ಕೆಲ್ 8. ನಮ್ಮಲ್ಲಿ ಬಹುಮಂದಿಗೆ ಇದು ಸಾಕು, ಕಡಲಂಚಿನಲ್ಲಿ ಕಂದು ಕಲೆ ಮೂಡಿದರೆ ಉಜ್ಜಿ ತೆಗೆಯಬಹುದು. ಎರಡು ಮೂರು ಶೇಕಡಾ ಮಾಲಿಬ್ಡಿನಂ ಸೇರಿಸಿದ 316 ಉಪ್ಪಿನ ಕೊರೆತಕ್ಕೆ ಇನ್ನೂ ಚೆನ್ನಾಗಿ ನಿಲ್ಲುತ್ತದೆ, ಆದರೆ ಪೈಪುಗಳಲ್ಲಿ ಅಪರೂಪ. ಟೈಟಾನಿಯಂಗೆ ಉಪ್ಪಿನ ಭಯವೇ ಇಲ್ಲ, ತೂಕವೂ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ, ಭಯವಿರುವುದು ಬೆಲೆಯದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಯಸ್ಕಾಂತ ಅಂಟದಿದ್ದರೆ ಅಸಲಿ ಸ್ಟೇನ್‌ಲೆಸ್ ಎಂದು ಹಲವರು ನಂಬಿದ್ದಾರೆ. ನಿಕ್ಕೆಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಅಗ್ಗದ ಉಕ್ಕಿಗೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಕರಾವಳಿಯ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬಣ್ಣ ಬಯಲಾಗುತ್ತದೆ. ದರ್ಜೆಯ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಂದು ಉಪಾಯ. ಸ್ಟೀಲ್ ಫ್ಯಾಬ್ರಿಕೇಟರುಗಳು ದ್ರಾವಣದ ಹನಿ ಹಾಕಿ 200 ಸರಣಿಯನ್ನು ಪತ್ತೆ ಮಾಡುವ ವಿಧಾನ ಇನ್ನೊಂದು. ವೆಲ್ಡಿಂಗ್ ಗೆರೆಯ ಪಕ್ಕವೇ ತುಕ್ಕು ಮೊದಲು ಕಾಣಿಸುವ ಜಾಗವಾದ್ದರಿಂದ ಅಲ್ಲಿ ಕಪ್ಪು ಕಲೆ, ಗುಳಿ ಇವೆಯೇ ಎಂದು ಬೆರಳಾಡಿಸಿ ನೋಡಬೇಕು. ಅಲ್ಯುಮಿನಿಯಂ ಡಬ್ಬಿಗೆ ಸ್ಟೀಲ್ ರಿವೆಟ್ ಹೊಡೆದಿದ್ದರೆ ಉಪ್ಪುನೀರು ಸೇರಿದಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯುಮಿನಿಯಂ ಸವೆಯುತ್ತದೆ.

ತುಕ್ಕು ಒಳಗಿನಿಂದಲೂ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಕಿಲೋ ನೀರು ಆವಿಯಾಗಿ ಹೊರಬರುತ್ತದೆ. ಮನೆಯಿಂದ ಪೇಟೆಗೆ ಹೋಗಿ ಹಾಲು, ಪೇಪರ್ ತಂದು ನಿಲ್ಲಿಸುವ ಬೈಕಿನ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಆವಿ ಒಳಗೇ ನೀರಾಗಿ ನಿಲ್ಲುತ್ತದೆ. ಕೆಳಭಾಗದಲ್ಲಿ ನೀರು ಬಸಿಯುವ ಸಣ್ಣ ರಂಧ್ರ ಇರುವ ಸೈಲೆನ್ಸರನ್ನೇ ಕೊಳ್ಳಬೇಕು, ಮತ್ತು ‘ಲೀಕ್ ಆಗುತ್ತಿದೆ’ ಎಂದು ಅದನ್ನು ಯಾರೂ ಮುಚ್ಚದಂತೆ ನೋಡಿಕೊಳ್ಳಬೇಕು.

ಕ್ರೂಸರುಗಳ ಪೈಪು ನೆಲಕ್ಕೆ ಹತ್ತಿರ. ಮೀಟಿಯಾರ್ 350ಕ್ಕೆ ನೆಲದಿಂದ 170 ಮಿಲಿಮೀಟರ್ ಅಂತರವಿದ್ದರೆ ಸೂಪರ್ ಮೀಟಿಯಾರ್ 650ಕ್ಕೆ 135 ಮಾತ್ರ. ಇನ್ನೂ ಕೆಳಗೆ ಜೋತುಬೀಳುವ ಪೈಪು ಹಾಕಿದರೆ ಘಟ್ಟದ ತಿರುವಿನಲ್ಲಿ ಬೈಕ್ ವಾಲಿದಾಗ ನೆಲಕ್ಕೆ ಉಜ್ಜಿ, ಹಿಂಚಕ್ರ ನೆಲದ ಹಿಡಿತ ಕಳೆದುಕೊಳ್ಳುವ ಅಪಾಯವಿದೆ. ಸೈಲೆನ್ಸರ್ ಬಿಚ್ಚದೆ ಹಿಂಚಕ್ರದ ಆಕ್ಸಲ್ ಹೊರತೆಗೆಯಲು ಬರುತ್ತದೆಯೇ, ಸ್ಯಾಡಲ್ ಬ್ಯಾಗ್ ಪೈಪಿಗೆ ತಾಗುತ್ತದೆಯೇ, ಹಿಂದೆ ಕೂರುವವರ ಸೀರೆಯ ಅಂಚೋ ಲುಂಗಿಯ ತುದಿಯೋ ಮುಟ್ಟುವಲ್ಲಿ ಹೀಟ್ ಶೀಲ್ಡ್ ಇದೆಯೇ ಎಂಬುದನ್ನು ಹಣ ಕೊಡುವ ಮೊದಲು ಬೈಕಿಗೆ ಹಿಡಿದು ನೋಡಿಯೇ ನಿರ್ಧರಿಸಬೇಕು.

ಕಾನೂನಿನ ಬಗ್ಗೆ ಅಂಗಡಿಗಳಲ್ಲಿ ಸಿಗುವ ಉತ್ತರ ‘ಯಾರೂ ಹಿಡಿಯುವುದಿಲ್ಲ’ ಎಂಬಷ್ಟೇ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಬೇಕೆನ್ನುತ್ತದೆ. 175 ಸಿಸಿಗಿಂತ ದೊಡ್ಡ ಬೈಕುಗಳಿಗೆ, ತಯಾರಿಕೆಯ ಹಂತದಲ್ಲಿ ಪರೀಕ್ಷಿಸುವಾಗ, 2005ರಲ್ಲಿ ಜಾರಿಯಾದ ಮಿತಿ 80 ಡೆಸಿಬೆಲ್. ವೇಗ ಹೆಚ್ಚಿಸುತ್ತ ಹಾದುಹೋಗುವ ಬೈಕಿನ ಸದ್ದನ್ನು 7.5 ಮೀಟರ್ ದೂರದಿಂದ ಅಳೆಯಲಾಗುತ್ತದೆ. ಹತ್ತು ಡೆಸಿಬೆಲ್ ಏರಿದರೆ ಧ್ವನಿಯ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಕೇಳಿಸುತ್ತದೆ ಎಂಬುದನ್ನು ಇದರೊಂದಿಗೆ ಓದಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಬಳಿಕ 190(2)ನೇ ಕಲಮಿನಡಿ ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದವರಿಗೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. 182ಎ(4)ರಡಿ ಅನಧಿಕೃತ ಮಾರ್ಪಾಡಿಗೆ, ಪ್ರತಿಯೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ವಿಧಿಸಲು ಅವಕಾಶವಿದೆ. ಪೈಪಿನ ಮೇಲಿನ ‘ಇ’ ಗುರುತು ಯುರೋಪಿನ ಅನುಮೋದನೆ. ಅದು ಗುಣಮಟ್ಟಕ್ಕೆ ಸಾಕ್ಷಿಯಾದೀತು, ನಮ್ಮ ರಸ್ತೆಗೆ ಪರವಾನಗಿಯಾಗದು. ಕನ್ವರ್ಟರ್ ತೆಗೆದ ಬೈಕಂತೂ ಯಾವ ವಾದಕ್ಕೂ ನಿಲ್ಲುವುದಿಲ್ಲ. ಆದ್ದರಿಂದ ಬೈಕಿನ ಕಂಪನಿಯೇ ತನ್ನ ಅಧಿಕೃತ ಪರಿಕರವಾಗಿ, ಭಾರತದ ರಸ್ತೆ ನಿಯಮಕ್ಕೆ ಒಪ್ಪುತ್ತದೆಂದು ಬರಹದಲ್ಲಿ ತಿಳಿಸಿ ಮಾರುವ ಸ್ಲಿಪ್-ಆನ್ ಇದ್ದರೆ ಅದನ್ನೇ ಮೊದಲು ನೋಡಬೇಕು. ವಾರಂಟಿಗೂ ಅದೇ ಕ್ಷೇಮ. ಬೇರೆ ಯಾವುದನ್ನು ಹಾಕಿಸಿದರೂ ವಿಮಾ ಕಂಪನಿಗೆ ತಿಳಿಸದೆ ಇದ್ದರೆ ಕ್ಲೇಮಿನ ವೇಳೆ ತಕರಾರು ಎದ್ದೇಳಬಹುದು.

ಹಾಕಿಸುವ ದಿನ ಎಲ್ಲ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಹೆಡ್ ಬಳಿಯ ನಟ್ಟುಗಳಿಂದ ಆರಂಭಿಸಿ ಹಿಂದಕ್ಕೆ ಬಿಗಿಮಾಡುತ್ತ ಬರಬೇಕು. ಪೈಪನ್ನು ಬಲವಂತವಾಗಿ ಎಳೆದು ಸೇರಿಸಿದರೆ ಮುಂದೆ ಬ್ರ್ಯಾಕೆಟ್ ಬಿರಿಯುತ್ತದೆ. ಎಂಜಿನ್ ಚಾಲೂ ಮಾಡುವ ಮುನ್ನ ಪೈಪಿನ ಮೇಲಿನ ಬೆರಳಚ್ಚು, ಎಣ್ಣೆಯ ಗುರುತುಗಳನ್ನು ಸ್ಪಿರಿಟ್‌ನಿಂದ ಒರೆಸದಿದ್ದರೆ ಅವು ಸುಟ್ಟು ಶಾಶ್ವತವಾಗಿ ಉಳಿಯುತ್ತವೆ. ಮೊದಲ ಕೆಲವು ಓಟಗಳ ಬಳಿಕ, ಎಂಜಿನ್ ತಣ್ಣಗಾದ ಮೇಲೆ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಬೇಕು. ಕಡಲ ದಂಡೆಯ ಬಳಿ ನಿಲ್ಲಿಸಿ ಬಂದ ದಿನ ಪೈಪು ತಣಿದ ಮೇಲೆ ಸಿಹಿನೀರಿನಿಂದ ತೊಳೆದು, ಒಳಗೆ ಸೇರಿದ ನೀರು ಆರುವಷ್ಟು ಹೊತ್ತು ಬೈಕ್ ಓಡಿಸಬೇಕು. ಬಿಚ್ಚಿದ ಹಳೆಯ ಸೈಲೆನ್ಸರನ್ನು ಗುಜರಿಗೆ ಕೊಡದೆ, ಒಳಗಿನ ನೀರು ಬಸಿದು, ಹೊರಗೆ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಬೈಕ್ ಮಾರುವಾಗಲೋ ಆರ್‌ಟಿಒ ಕಚೇರಿಯ ತಪಾಸಣೆಗೆ ಒಯ್ಯುವಾಗಲೋ ಅದೇ ಬೇಕಾಗುತ್ತದೆ.